ಅಗ್ಗದ ಬಂದೂಕು

ಅಗ್ಗದ ಸಾಮಾನು ಕಂಡರೆ ಕೈಚಾಚುವುದು ನಮ್ಮ ಮನೆತನದ ಹಳೆಯ ಚಾಳಿ. ಸ್ಕೂಲು ಮೇಷ್ಟರಾಗಿದ್ದ ನಮ್ಮ ತಂದೆ ಹಾಸನದ ಸಂತೆಯಿಂದ ಕೆಟ್ಟ ಗಡಿಯಾರಗಳನ್ನು ಕೊಂಡು ತರುತ್ತಿದ್ದರು. ಭಾನುವಾರವಿಡೀ ಅವುಗಳ ಹೊಟ್ಟೆ ಬಿಚ್ಚಿಕೊಂಡು ಕುಳಿತು, ಹತ್ತರಲ್ಲಿ ಎರಡನ್ನು ನಡೆಯುವಂತೆ ಮಾಡಿ, ಉಳಿದ ಎಂಟನ್ನು ಅಟ್ಟಕ್ಕೇರಿಸುತ್ತಿದ್ದರು. ಆ ಚಾಳಿ ನನ್ನೊಡನೆ ಸಮುದ್ರ ದಾಟಿ ಅಮೆರಿಕಕ್ಕೂ ಬಂತು. ಓಹಾಯೋ ರಾಜ್ಯದ ಒಂದು ಸಣ್ಣ ಊರಿನಲ್ಲಿ ಇಂಜಿನಿಯರನಾಗಿ ದುಡಿದ ವರ್ಷಗಳಲ್ಲಿ ಹಳೆಯ ರೇಡಿಯೋ, ಹೊಲಿಗೆ ಯಂತ್ರ, ಕ್ಯಾಮೆರಾ ಎಂದು ಏನೇನನ್ನೋ ಕೊಂಡು ಸರಿಮಾಡಿದ್ದೇನೆ. ಆದರೆ 2003ರಲ್ಲಿ ಕೊಂಡದ್ದು ಈ ಸಾಲಿಗೆ ಸೇರುವಂಥದಲ್ಲ. ಅದೊಂದು ಬಂದೂಕು. ಜೀವಮಾನದಲ್ಲಿ ಒಂದು ಇಲಿಯನ್ನೂ ಹೊಡೆಯದ ಮೇಷ್ಟರ ಮಗ ಬಂದೂಕು ಕೊಂಡನೆಂದರೆ ಓದುಗರು ಹುಬ್ಬೇರಿಸಬಹುದು. ಏರಿಸಲಿ. ಅದನ್ನು ಕೊಂಡದ್ದು ಸರಿಯೇ ತಪ್ಪೇ ಎಂಬ ಜಿಜ್ಞಾಸೆ ನನ್ನಲ್ಲಿ ಇಪ್ಪತ್ತು ವರ್ಷ ದಾಟಿದರೂ ಮುಗಿದಿಲ್ಲ.

ಆ ದೇಶದಲ್ಲಿ ಇದೇನೂ ಅಪರೂಪದ ಹವ್ಯಾಸವಲ್ಲ. ಯುದ್ಧ ಮುಗಿದ ಮೇಲೆ, ಅಥವಾ ಸೈನ್ಯಕ್ಕೆ ಹೊಸ ಮಾದರಿಯ ಆಯುಧ ಬಂದ ಮೇಲೆ, ಹಳೆಯವು ಉಗ್ರಾಣ ಸೇರುತ್ತವೆ. ಸರಕಾರಗಳು ಕೆಲವನ್ನು ಕರಗಿಸುತ್ತವೆ, ಕೆಲವನ್ನು ಸಗಟಾಗಿ ವ್ಯಾಪಾರಿಗಳಿಗೆ ಮಾರುತ್ತವೆ. ರಷ್ಯದ ಸೈನ್ಯ 1891ರಲ್ಲಿ ಅಂಗೀಕರಿಸಿದ ಮೋಸಿನ್-ನಾಗಾಂತ್ ಬಂದೂಕು ಮೂರು ಕೋಟಿಗೂ ಹೆಚ್ಚು ತಯಾರಾಯಿತು. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದ ಮೇಲೆ ಅವು ಮರದ ಪೆಟ್ಟಿಗೆಗಳಲ್ಲಿ ತುಂಬಿ ಅಮೆರಿಕಕ್ಕೆ ಬಂದವು. ಒಂದೊಂದು ನೂರು ಡಾಲರಿಗೂ ಕಡಮೆ ಬೆಲೆಗೆ ಬಿಕರಿಯಾದವು. ತುಕ್ಕು ಹಿಡಿಯದಂತೆ ಅವುಗಳಿಗೆ ಮೆತ್ತಿದ್ದ ಕಂದು ಬಣ್ಣದ ಗಟ್ಟಿ ಜಿಡ್ಡನ್ನು ಬಿಸಿ ಮಾಡಿ ಇಳಿಸಿ, ಒಳಗಿನ ಉಕ್ಕನ್ನು ಹೊರತೆಗೆಯುವುದೇ ಎಷ್ಟೋ ಮಂದಿಗೆ ರಜಾದಿನದ ಕೆಲಸವಾಗಿತ್ತು. ಈಗ ಆ ಅಗ್ಗದ ಕಾಲ ಹೋಗಿದೆ. ಅದೇ ಬಂದೂಕಿಗೆ ಹಲವು ಪಟ್ಟು ಬೆಲೆ ಕೇಳುತ್ತಾರೆ.

ಈ ಅಗ್ಗಕ್ಕೆ ಇನ್ನೊಂದು ಮುಖವೂ ಉಂಟು. 1963ರ ಮಾರ್ಚಿಯಲ್ಲಿ ಲೀ ಹಾರ್ವೆ ಆಸ್ವಾಲ್ಡ್ ಎಂಬಾತ ಸುಳ್ಳು ಹೆಸರಿನಲ್ಲಿ ಶಿಕಾಗೋದ ಅಂಗಡಿಯೊಂದಕ್ಕೆ ಟಪಾಲಿನಲ್ಲಿ ಬರೆದು, ಇಟಲಿಯ ಸೈನ್ಯಕ್ಕೆ ಬೇಡವಾದ ಒಂದು ಕಾರ್ಕಾನೋ ಬಂದೂಕನ್ನು ತರಿಸಿಕೊಂಡ. ದೂರದರ್ಶಕದ ಸಮೇತ ಬೆಲೆ 19 ಡಾಲರ್ 95 ಸೆಂಟ್. ಸಾಗಣೆಗೆ ಒಂದೂವರೆ ಡಾಲರ್. ಅದೇ ವರ್ಷ ನವೆಂಬರ್ 22ರಂದು ಅಧ್ಯಕ್ಷ ಕೆನೆಡಿ ಅದರ ಗುಂಡಿಗೆ ಬಲಿಯಾದರು. ಟಪಾಲಿನಲ್ಲಿ ಬಂದೂಕು ಮಾರುವುದಕ್ಕೂ, ಹಳೆಯ ಸೈನ್ಯದ ಬಂದೂಕುಗಳನ್ನು ಹೊರದೇಶದಿಂದ ತರಿಸುವುದಕ್ಕೂ 1968ರ ಕಾನೂನು ತಡೆ ಹಾಕಿತು. 1980ರ ದಶಕದಲ್ಲಿ ಆ ತಡೆ ಸ್ವಲ್ಪ ಸಡಿಲವಾಯಿತು. ಆ ಸಡಿಲದಲ್ಲಿ ನುಸುಳಿ ಬಂದ ಸರಕಿನಲ್ಲಿ ನನ್ನದೂ ಒಂದು.

ಬೇಟೆಯ ಸಾಮಾನು ಮಾರುವ ಅಂಗಡಿಯೊಂದರಲ್ಲಿ ಮಳೆಗೆ ನಿಂತಿದ್ದೆ. ಸಾಲಾಗಿ ಒರಗಿಸಿದ್ದ ಹಳೆಯ ಬಂದೂಕುಗಳಲ್ಲಿ ಒಂದರ ಉಕ್ಕಿನ ಪಟ್ಟಿಯ ಮೇಲೆ ಕಿರೀಟದ ಗುರುತು, ಅದರ ಕೆಳಗೆ ‘ಇಷಾಪುರ’ ಎಂಬ ಹೆಸರು, 1944 ಎಂಬ ವರ್ಷ ಕಂಡವು. ಕಲ್ಕತ್ತೆಯ ಬಳಿ, ಹೂಗ್ಲಿ ನದಿಯ ದಡದ ಕಾರ್ಖಾನೆಯಲ್ಲಿ ಹುಟ್ಟಿದ ಲೀ-ಎನ್‌ಫೀಲ್ಡ್ ಅದು. ನಮ್ಮ ಜನ ‘ತ್ರೀ ನಾಟ್ ತ್ರೀ’ ಎಂದು ಕರೆಯುವುದು ಇದನ್ನೇ. ಮುಂಭಾಗದ ಮರ ಸೀಳದಿರಲೆಂದು ಅಡ್ಡಲಾಗಿ ಹಾಕಿದ ಒಂದು ತಿರುಪು ಇಷಾಪುರದ ಕೈಕೆಲಸದ ಗುರುತು. ಪರದೇಶದಲ್ಲಿ ಊರಿನವನೊಬ್ಬ ಎದುರಾದಾಗ ಆಗುವಂಥ ಸಂತೋಷ ನನಗಾಯಿತು ಎಂದರೆ ನಗಬೇಡಿ. ಸರಕಾರದ ಫಾರಮು ತುಂಬಿ, ನಾನು ಅಪರಾಧಿಯಲ್ಲವೆಂದು ಟೆಲಿಫೋನಿನಲ್ಲಿ ಖಾತ್ರಿಪಡಿಸಿಕೊಂಡ ಅಂಗಡಿಯವನಿಗೆ 120 ಡಾಲರ್ ಎಣಿಸಿಕೊಟ್ಟು ಮನೆಗೆ ತಂದೆ.

ಮುಂದಿನ ಕೆಲವು ವಾರಗಳನ್ನು ಸುಖದ ವಾರಗಳೆಂದೇ ಹೇಳಬೇಕು. ಎಣ್ಣೆಯಲ್ಲಿ ಅದ್ದಿದ ನಯವಾದ ಉಕ್ಕಿನ ನಾರಿನಿಂದ ತುಕ್ಕನ್ನು ತೀಡಿದೆ. ಮರದಲ್ಲಿ ಬಿದ್ದಿದ್ದ ಕುಳಿಗಳ ಮೇಲೆ ಒದ್ದೆ ಬಟ್ಟೆ ಹಾಸಿ ಇಸ್ತ್ರಿಪೆಟ್ಟಿಗೆ ಒತ್ತಿದರೆ ಹಬೆಗೆ ಮರ ಉಬ್ಬಿ ಕುಳಿ ಮೇಲೇಳುತ್ತದೆ, ಅದನ್ನೂ ಮಾಡಿದೆ. ಅಗಸೆ ಎಣ್ಣೆಯನ್ನು ಅಂಗೈಯಿಂದ ತಿಕ್ಕಿ ತಿಕ್ಕಿ ಮರಕ್ಕೆ ಕುಡಿಸಿದೆ. ಒಂದೇ ಒಂದು ತೊಡಕು: ನಳಿಗೆಯನ್ನು ಎಷ್ಟು ಸಲ ಎಣ್ಣೆ ಹಾಕಿ ಒರೆಸಿದರೂ, ವಾರ ಕಳೆದು ನೋಡಿದರೆ ಬಟ್ಟೆಗೆ ಮತ್ತೆ ಕೆಂಪು ತುಕ್ಕು ಹತ್ತುತ್ತಿತ್ತು.

ಒಂದು ದಿನ ನನ್ನ ಹೆಂಡತಿ ಗ್ಯಾರೇಜಿನ ಬಾಗಿಲಲ್ಲಿ ನಿಂತು ಕೇಳಿದಳು: “ರೇಡಿಯೋ ಸರಿಹೋಯ್ತು ಅಂದ್ರೆ ಹಾಡತ್ತೆ. ಹೊಲಿಗೆ ಮೆಷೀನು ಸರಿಹೋಯ್ತು ಅಂದ್ರೆ ಹೊಲಿಯತ್ತೆ. ಇದು ಸರಿಹೋಯ್ತು ಅಂದ್ರೆ ಏನು ಮಾಡತ್ತೇ ರೀ?”

ಉತ್ತರ ಸಿದ್ಧವಾಗಿತ್ತು. ನಾನು ಸರಿಮಾಡುತ್ತಿರುವುದು ಉಕ್ಕನ್ನು, ಮರವನ್ನು, ಹಿಂಸೆಯನ್ನಲ್ಲ. ಆಯುಧ ನಿರ್ದೋಷಿ, ದೋಷವೆಲ್ಲ ಹಿಡಿದ ಕೈಯದು. ನಾವು ಆಯುಧಪೂಜೆಯ ದಿನ ಮಚ್ಚು ಕುಡುಗೋಲುಗಳಿಗೆ ಕುಂಕುಮ ಹಚ್ಚುವುದಿಲ್ಲವೆ? ನಮ್ಮ ಕೊಡಗಿನವರು ಕೈಲ್ ಮುಹೂರ್ತದಲ್ಲಿ ಕೋವಿಗೆ ಹೂವಿಡುವುದಿಲ್ಲವೆ? ಅವಳು ವಾದಿಸಲಿಲ್ಲ, “ಹಾಗೋ” ಎಂದು ಒಳಗೆ ಹೋದಳು. ವಾದದಲ್ಲಿ ಗೆದ್ದವನಿಗೆ ಆಗಬೇಕಾದ ಸಮಾಧಾನ ನನಗಾಗಲಿಲ್ಲ. ಕುಡುಗೋಲಿಗೆ ಹುಲ್ಲುಂಟು, ಮಚ್ಚಿಗೆ ತೆಂಗಿನಕಾಯುಂಟು. ಕೊಡಗಿನ ಕೋವಿಗೂ ಗದ್ದೆ ಕಾಯುವ ಕೆಲಸವುಂಟು. ಮನೆಯಲ್ಲಿ ಗಂಡು ಹುಟ್ಟಿದರೂ, ಯಾರಾದರೂ ಸತ್ತರೂ ಅದನ್ನು ಊರಿಗೆ ಸಾರುವುದುಂಟು. ಸೈನ್ಯಕ್ಕೆಂದೇ ಮಾಡಿದ ಬಂದೂಕಿಗೆ ಹುಟ್ಟುವಾಗಲೇ ಒಂದೇ ಕಸಬು. ಅದು ತಾನಾಗಿ ಏನೂ ಮಾಡುವುದಿಲ್ಲವೆಂಬುದೇನೋ ನಿಜ. ಆದರೆ ಇಳಿಜಾರಿನಲ್ಲಿಟ್ಟ ಗುಂಡುಕಲ್ಲನ್ನು, ಯಾರೂ ತಳ್ಳುವ ತನಕ, ಬಯಲಿನ ಕಲ್ಲಿನಂತೆಯೇ ಎಂದು ಹೇಳಬಹುದೆ?

ಮಾರನೆಯ ವರ್ಷ ನಮ್ಮ ಚಿಕ್ಕಪ್ಪ ಮಗಳ ಮನೆಗೆ ಅಮೆರಿಕಕ್ಕೆ ಬಂದವರು ನಮ್ಮಲ್ಲೂ ಹದಿನೈದು ದಿನ ಇದ್ದರು. ಅವರು ಸೈನ್ಯದಲ್ಲಿದ್ದು, 1962ರ ಚೀನಾ ಯುದ್ಧದಲ್ಲಿ ನೇಫಾ ಗಡಿಗೆ ಹೋಗಿ ಬಂದವರು. ಆ ಯುದ್ಧದಲ್ಲಿ ನಮ್ಮ ಬಹುಪಾಲು ಸಿಪಾಯಿಗಳ ಕೈಯಲ್ಲಿದ್ದದ್ದು ಈ ತ್ರೀ ನಾಟ್ ತ್ರೀಯೇ. ಆದರೆ ಆ ವಿಷಯ ಅವರು ಮನೆಯಲ್ಲಿ ಎಂದೂ ಎತ್ತಿದ್ದಿಲ್ಲ. ಕೇಳುವ ಧೈರ್ಯ ನಮಗೂ ಇರಲಿಲ್ಲ. ಒಂದು ಮಧ್ಯಾಹ್ನ ನಾನು ಬಂದೂಕಿನ ಹಿಡಿಗೆ ಮರಳುಕಾಗದ ಹಾಕಿ ಉಜ್ಜುತ್ತಿದ್ದೆ. ಹೊಸದರಂತೆ ಹೊಳೆಯಬೇಕೆಂಬ ಆಸೆ. ಹಿಡಿಯ ಅಡಿಯಲ್ಲಿ ಯಾರೋ ಮೊಳೆಯ ತುದಿಯಿಂದ ನಾಗರಿ ಲಿಪಿಯಲ್ಲಿ ‘ರಾ’ ಎಂದು ಗೀಚಿದ್ದರು. ಉಜ್ಜುತ್ತ ಉಜ್ಜುತ್ತ ಅದರ ಹತ್ತಿರಕ್ಕೆ ಬಂದಿದ್ದೆ.

ಚಿಕ್ಕಪ್ಪ ಬಂದದ್ದು ಗೊತ್ತಾಗಲಿಲ್ಲ. ಏನೂ ಹೇಳದೆ ಬಂದೂಕನ್ನು ನನ್ನ ಕೈಯಿಂದ ತೆಗೆದುಕೊಂಡರು. ಅರವತ್ತು ದಾಟಿದ ಆ ಕೈಗಳಿಗೆ ಎಲ್ಲ ನೆನಪಿತ್ತು. ಬೋಲ್ಟನ್ನು ಎಳೆದು ಹೊರತೆಗೆದು, ನಳಿಗೆಯನ್ನು ಬೆಳಕಿಗೆ ಹಿಡಿದು ಒಂದು ಕಣ್ಣಿನಿಂದ ನೋಡಿದರು. ಆಮೇಲೆ ಹಿಡಿಯ ತುದಿಯ ಹಿತ್ತಾಳೆಯ ಮುಚ್ಚಳವನ್ನು ಹೆಬ್ಬೆರಳಿನಿಂದ ಒತ್ತಿ ತೆರೆದರು. ಒಳಗೆ ಎಣ್ಣೆಯ ಶೀಸೆ, ನಳಿಗೆ ಒರೆಸುವ ಹಗ್ಗ.

“ಫುಲ್‌ತ್ರೂ ಇದೆ. ಚಿಂದಿ ಎಲ್ಲೋ?” ಎಂದರು. ಆ ಹಗ್ಗಕ್ಕೂ ಬಟ್ಟೆಯ ತುಂಡಿಗೂ ಸಿಪಾಯಿಗಳು ಇಟ್ಟ ಹೆಸರುಗಳು ಅವು. ತುಕ್ಕು ಮರಳಿ ಬರುವ ನನ್ನ ತೊಡಕನ್ನು ಹೇಳಿಕೊಂಡೆ.

“ನೀರು ಹಾಕಿದ್ಯಾ?”

“ಇಲ್ಲ ಚಿಕ್ಕಪ್ಪ, ಎಣ್ಣೆ ಹಾಕಿದೀನಿ. ಉಕ್ಕಿಗೆ ನೀರು ಹಾಕೋದುಂಟೆ?”

“ಎಣ್ಣೆಗೆ ಉಪ್ಪು ಕರಗತ್ತೇನೋ? ಒಳಗಡೆ ಉಪ್ಪು ಕೂತಿದೆ. ಮೇಲೆ ನೀನು ಎಣ್ಣೆ ಬಳೀತಾ ಇದೀಯ. ಕುದಿಯೋ ನೀರು ತಗೊಂಡು ಬಾ.”

ಆಗ ಹೊಳೆಯಿತು. ಹಳೆಯ ತೋಟಾಗಳಲ್ಲಿ ಮೊದಲು ಕಿಡಿ ಹೊತ್ತಿಸುವ ಮದ್ದಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಅದು ಉರಿದಾಗ ನಳಿಗೆಯಲ್ಲಿ ಒಂದು ಬಗೆಯ ಉಪ್ಪು ಉಳಿಯುತ್ತದೆ; ಗಾಳಿಯ ತೇವವನ್ನು ಹೀರಿ ಉಕ್ಕನ್ನು ತಿನ್ನುತ್ತದೆ. ಎಣ್ಣೆ ಅದನ್ನು ಮುಚ್ಚುತ್ತದೆಯೇ ಹೊರತು ತೆಗೆಯುವುದಿಲ್ಲ. ಗುಂಡು ಹಾರಿಸಿ ಬಂದ ಸಿಪಾಯಿ ಮೊದಲು ಕುದಿನೀರು ಹೊಯ್ದು ತೊಳೆದು, ಒಣಗಿಸಿ, ಆಮೇಲೆ ಎಣ್ಣೆ ಹಾಕುತ್ತಿದ್ದುದು ಇದಕ್ಕಾಗಿಯೇ. ನಾವಿಬ್ಬರೂ ಎರಡು ಕೆಟಲು ನೀರು ಹೊಯ್ದೆವು. ಕೆಳಗೆ ಕಂದುಬಣ್ಣದ ನೀರು ಇಳಿಯಿತು.

ಕೆಲಸ ಮುಗಿದ ಮೇಲೆ ಅವರ ಕಣ್ಣು ಮರಳುಕಾಗದದ ಮೇಲೆ ಬಿತ್ತು. “ಇದನ್ನ್ಯಾಕೆ ಉಜ್ತಾ ಇದ್ದೆ?” ಎಂದರು. “ಯಾರೋ ಗೀಚಿದಾರೆ ಚಿಕ್ಕಪ್ಪ. ಹೋಗಲಿ ಅಂತ” ಎಂದೆ. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ನನಗಲ್ಲ ಆ ಬಂದೂಕಿಗೇ ಹೇಳುವಂತೆ, ಹೇಳಿದರು:

“ಬೆಟ್ಟ ಇಳಿದು ಬರೋವಾಗ ನನ್ನ ಹೆಗಲ ಮೇಲೆ ಎರಡಿದ್ವು. ಒಂದು ನಂದು, ಇನ್ನೊಂದು ಪಕ್ಕದಲ್ಲಿದ್ದವನದು. ಅವನನ್ನ ಹೊರೋಕಾಗಲಿಲ್ಲ. ಬಂದೂಕು ಬಿಟ್ಟು ಬಂದ್ರೆ ತಪ್ಪು, ಅದಕ್ಕೆ ಲೆಕ್ಕ ಇದೆ. ಕೆಳಗೆ ಬಂದ ಮೇಲೆ ಎರಡನ್ನೂ ನಂಬರು ನೋಡಿ ಬರಕೊಂಡ್ರು. ಶಾಭಾಸ್ ಅಂದ್ರು. ಅವನೂ ಹೀಗೇ ಒಂದು ಅಕ್ಷರ ಗೀಚಿಕೊಂಡಿದ್ದ.”

ಸ್ವಲ್ಪ ತಡೆದು ಕೇಳಿದರು: “ಎಷ್ಟು ಕೊಟ್ಟೆ ಇದಕ್ಕೆ?”

“ನೂರಿಪ್ಪತ್ತು ಡಾಲರು.”

“ಅಗ್ಗವಾಯ್ತು” ಎಂದು ಕೈ ತೊಳೆಯಲು ಒಳಗೆ ಹೋದರು. ಆ ವಿಷಯ ಮತ್ತೆ ಎತ್ತಲಿಲ್ಲ. 2011ರಲ್ಲಿ ತೀರಿಕೊಂಡರು.

ಆ ಒಂದು ಮಾತು ನನ್ನನ್ನು ಇಂದಿಗೂ ಬಿಟ್ಟಿಲ್ಲ. ಯಾವ ಸಾಮಾನೂ ತಾನಾಗಿ ಅಗ್ಗವಾಗುವುದಿಲ್ಲ. ಅದರ ಬೆಲೆಯ ಬಹುಭಾಗವನ್ನು ಬೇರೆ ಯಾರೋ ಮೊದಲೇ ತೆತ್ತಿರುತ್ತಾರೆ. ಉಳಿದ ಚಿಲ್ಲರೆಯನ್ನು ನಾವು ಕೊಟ್ಟು, ಇಡಿಯ ಸರಕು ನಮ್ಮದೆನ್ನುತ್ತೇವೆ. ಇದೇ ಜಾತಿಯ ಬಂದೂಕುಗಳಿಂದ 1919ರ ಏಪ್ರಿಲ್ 13ರಂದು ಜಲಿಯನ್‌ವಾಲಾ ಬಾಗಿನಲ್ಲಿ 1650 ಗುಂಡು ಹಾರಿದವು. ಸತ್ತವರು 379 ಎಂದು ಸರಕಾರದ ಲೆಕ್ಕವೇ ಒಪ್ಪಿತು. ಜನರ ಲೆಕ್ಕ ಅದಕ್ಕಿಂತ ಬಹಳ ಹೆಚ್ಚು. ಗುಂಡುಗಳಿಗಿದ್ದ ಖಚಿತವಾದ ಲೆಕ್ಕ ಮನುಷ್ಯರಿಗಿರಲಿಲ್ಲ. ಅರಸನ ಕಿರೀಟ ಹೊತ್ತ ಅದೇ ಬಂದೂಕು 1947ರ ಮೇಲೆ ಸ್ವತಂತ್ರ ದೇಶದ ಗಡಿ ಕಾಯಿತು. ಕಾಯಲಾಗದ ಕಡೆ ಹಿಂದಕ್ಕೆ ಬಂತು. ಕೊಲ್ಲಿಸಿದವನೂ ಕಾಪಾಡಿದವನೂ ಒಂದೇ ಹಿಡಿಯ ಮೇಲೆ ಕೈಯಿಟ್ಟಿದ್ದಾರೆ. ಇದನ್ನೆಲ್ಲ ಮರಳುಕಾಗದದಿಂದ ಉಜ್ಜಿ ಹೊಳಪು ಕೊಡುವುದಕ್ಕೆ ನನಗೇನು ಅಧಿಕಾರ?

ಹಾಗಾದರೆ ಕುಲುಮೆಗೆ ಹಾಕಿ ಕರಗಿಸಿಬಿಡಬೇಕಲ್ಲವೆ ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. ಆಸ್ವಾಲ್ಡನ ಕತೆ ನೆನಪಾದಾಗಲೆಲ್ಲ ಅದೇ ಸರಿಯೆಂದು ನನಗೂ ತೋರುತ್ತದೆ. ಆದರೆ ಕರಗಿದ ಕಬ್ಬಿಣ ಯಾವ ಸಾಕ್ಷಿಯನ್ನೂ ಹೇಳುವುದಿಲ್ಲ. ಪಾಂಡವರು ಅಜ್ಞಾತವಾಸಕ್ಕೆ ಹೊರಟಾಗ ಆಯುಧಗಳನ್ನು ಬನ್ನಿಯ ಮರಕ್ಕೇರಿಸಿ, ಜನ ಹತ್ತಿರ ಸುಳಿಯದಂತೆ ಜೊತೆಗೊಂದು ಹೆಣವನ್ನೂ ಕಟ್ಟಿದರಂತೆ. ಆಯುಧದ ಪಕ್ಕದಲ್ಲಿ ಹೆಣ ಕಣ್ಣಿಗೆ ಬೀಳುವಂತಿರಬೇಕು ಎಂಬ ವಿವೇಕವೂ ಅದರಲ್ಲಿದ್ದಿರಬಹುದೆಂದು ಈಗ ನನಗೆ ಅನ್ನಿಸುತ್ತದೆ. ಅಂಗಡಿಯಲ್ಲಿ ಮಾರುವವನು ಮೊದಲು ಬಿಚ್ಚಿ ಬಿಸಾಡುವುದು ಆ ಹೆಣವನ್ನೇ. ಕೊಂಡವನಿಗೆ ಉಕ್ಕು ಮಾತ್ರ ಸಿಗುತ್ತದೆ. ಅದು ನಿರ್ದೋಷಿಯಾಗಿ ಕಾಣುತ್ತದೆ.

ಸರಿಮಾಡುವುದೆಂದರೆ ಏನು ಎಂಬುದಕ್ಕೆ ನನಗೆ ಸಿಕ್ಕಿದ ಉತ್ತರ ಇಷ್ಟೆ: ಉಪ್ಪನ್ನು ತೊಳೆಯಬೇಕು, ಅಕ್ಷರವನ್ನು ಉಳಿಸಬೇಕು. ಒಳಗೆ ಕುಳಿತು ತಿನ್ನುವುದು ಒಂದು. ಮೇಲೆ ನಿಂತು ನೆನಪಿಸುವುದು ಇನ್ನೊಂದು. ನಾನು ಮಾಡುತ್ತಿದ್ದುದು ಇದಕ್ಕೆ ತೀರ ವಿರುದ್ಧ. ತಿನ್ನುವುದರ ಮೇಲೆ ಎಣ್ಣೆ ಬಳಿದು, ನೆನಪಿಸುವುದನ್ನು ಉಜ್ಜುತ್ತಿದ್ದೆ. ಬಂದೂಕಿಗೆ ಮಾತ್ರವಲ್ಲ, ಮನೆತನಕ್ಕೂ ದೇಶಕ್ಕೂ ಹೀಗೆಯೇ ಮಾಡುವವರನ್ನು ಕಂಡಿದ್ದೇನೆ.

ಬಂದೂಕು ಈಗಲೂ ನಮ್ಮಲ್ಲಿದೆ. ಬೋಲ್ಟನ್ನು ತೆಗೆದು ಬೇರೆ ಕಡೆ ಬೀಗ ಹಾಕಿಟ್ಟಿದ್ದೇನೆ. ಅದಕ್ಕೆ ತೋಟಾವನ್ನು ನಾನು ಎಂದೂ ಕೊಳ್ಳಲಿಲ್ಲ. ಆಯುಧಪೂಜೆಯ ದಿನ ಹೆಂಡತಿ ಹೊಲಿಗೆ ಯಂತ್ರಕ್ಕೂ ಕಾರಿಗೂ ಕುಂಕುಮ ಹಚ್ಚುತ್ತಾಳೆ. ಇದಕ್ಕೆ ಹಚ್ಚುವುದಿಲ್ಲ, ಹಚ್ಚೆಂದು ನಾನೂ ಹೇಳುವುದಿಲ್ಲ. ಒಂದು ಚಿಂದಿಯಿಂದ ಒರೆಸಿ ಇಡುತ್ತೇನೆ, ಅಷ್ಟೆ. ಹಿಡಿಯ ಅರ್ಧ ನಯವಾಗಿ ಹೊಳೆಯುತ್ತದೆ, ಅರ್ಧ ಒರಟಾಗಿದೆ. ಅಂದು ಕೈ ನಿಂತಲ್ಲಿಗೇ ಬಿಟ್ಟಿದ್ದೇನೆ. ಹೋದ ವರ್ಷ ಮೊಮ್ಮಗ ಅದನ್ನು ನೋಡಿ, “ತಾತ, ಇದು ಕೆಲಸ ಮಾಡತ್ತಾ?” ಎಂದು ಕೇಳಿದ. ಅವನ ಬೆರಳನ್ನು ಹಿಡಿದು ಆ ‘ರಾ’ ಅಕ್ಷರದ ಮೇಲಿಟ್ಟೆ.

“ಇದು ಯಾರ ಹೆಸರು?” ಎಂದ.

ಅದನ್ನೇ ಅವನು ಮೊದಲು ಕೇಳಬೇಕಾಗಿತ್ತು. ಉತ್ತರ ನನ್ನಲ್ಲಿರಲಿಲ್ಲ. ಕೂರಿಸಿಕೊಂಡು ಚಿಕ್ಕಪ್ಪನ ಕತೆ ಹೇಳಿದೆ.