ಮೇಳದ ಸ್ವಾತಂತ್ರ್ಯ

ಒಬ್ಬ ಮನುಷ್ಯನು ಸ್ವತಂತ್ರನಾಗಿ ಬಾಳುವುದೆಂದರೇನೆಂಬುದನ್ನು ಹಿರಿಯರು ಬಹುವಾಗಿ ಚರ್ಚಿಸಿದ್ದಾರೆ. ಹತ್ತಾರು ಮಂದಿ ಕೂಡಿದ ಕಲಾಮೇಳವೊಂದು ಸ್ವತಂತ್ರವಾಗಿ ಬಾಳುವುದೆಂದರೇನೆಂಬುದೂ ವಿಚಾರಮಾಡತಕ್ಕ ವಿಷಯವೇ.

ಇದಕ್ಕೆ ಉದಾಹರಣೆಯನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ಕಾರವಾರದಿಂದ ಅಂಕೋಲೆ, ಕುಮಟೆಗಳನ್ನು ದಾಟಿ ತೆಂಕಣಕ್ಕೆ ಹೋದರೆ ಹೊನ್ನಾವರ ತಾಲೂಕಿನ ಗುಣವಂತೆಯಿದೆ. ಅಲ್ಲಿಯ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಶ್ರೀ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿಯನ್ನು ಕಟ್ಟಿದರು. ಅವರ ತರುವಾಯ ಮಗ ಶಂಭು ಹೆಗಡೆಯವರೂ, ಅನಂತರ ಮೊಮ್ಮಗ ಶಿವಾನಂದ ಹೆಗಡೆಯವರೂ ಅದರ ಭಾರವನ್ನು ಹೊತ್ತರು. ಆ ಮೇಳದ ಬಾಳು ತೊಂಬತ್ತು ವರ್ಷಗಳನ್ನು ಮೀರಿದೆ.

ಮನಸ್ಸು ಬಂದಂತೆ ನಡೆಯುವುದೇ ಸ್ವಾತಂತ್ರ್ಯವೆನ್ನುವವರು ರಂಗಸ್ಥಳವನ್ನೊಮ್ಮೆ ನೋಡಬೇಕು. ಭಾಗವತನ ಪದ ಏಳದೆ ವೇಷಧಾರಿಯ ಹೆಜ್ಜೆ ಏಳದು. ಆ ಹೆಜ್ಜೆಯ ಮರ್ಮವನ್ನರಿಯದೆ ಮದ್ದಳೆಯವನ ಕೈ ಓಡದು. ಇದಿರು ವೇಷದವನು ತಕ್ಕ ಮಾತು ಕೊಡದಿದ್ದರೆ ಅರ್ಥವು ಬರಡಾಗುವುದು. ಮಾತನ್ನು ಬರೆದಿಟ್ಟುಕೊಳ್ಳದೆ ಸ್ಥಳದಲ್ಲಿಯೇ ಕಟ್ಟಿ ಆಡುವ ಈ ಕಲೆಯಲ್ಲಿ ನಟನಿಗೆ ದೊರೆಯುವ ಬಿಡುಗಡೆ ದೊಡ್ಡದು. ಆದರೆ ಅದು ಜೊತೆಯವರ ಆಸರೆಯಲ್ಲಿಯೇ ಅರಳತಕ್ಕುದು.

ಹಾಗಾದರೂ ಜನರು ಕೂಡುವುದು ಹೆಸರಾಂತ ವೇಷಧಾರಿಯನ್ನು ನೋಡಲೆಂದಲ್ಲವೆ? ಮೇಳವು ಅಂಥವನ ನೆರಳಷ್ಟೆಯೆ? ಈ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಶಂಭು ಹೆಗಡೆಯವರು ದಿಲ್ಲಿಯಲ್ಲಿ ಮಾಯಾ ರಾವ್ ಅವರಲ್ಲಿ ನೃತ್ಯಸಂಯೋಜನೆಯನ್ನು ಕಲಿತು ಬಂದವರು. ತಂದೆಯ ಪಡಿಯಚ್ಚಾಗಿ ನಿಂತವರಲ್ಲ. ಅವರ ವೇಷಕ್ಕಾಗಿಯೇ ಕಾದು ಕುಳಿತವರುಂಟು. ಆದರೆ 1986ರಲ್ಲಿ ಅವರು ಗುಣವಂತೆಯಲ್ಲಿ ಶ್ರೀಮಯ ಯಕ್ಷಗಾನ ಕಲಾಕೇಂದ್ರವನ್ನು ತೆರೆದು, ಮನೆತನಕ್ಕೆ ಸೇರದವರಿಗೂ ವಿದ್ಯೆಯನ್ನು ಹಂಚಿದರು. 2009ರ ಫೆಬ್ರವರಿಯಲ್ಲಿ, ಇಡಗುಂಜಿಯಲ್ಲಿ ವೇಷ ಕಟ್ಟಿ ಕುಣಿದ ರಾತ್ರಿಯೇ, ಅವರು ತೀರಿಕೊಂಡರು. ಮೇಳವು ನಿಲ್ಲಲಿಲ್ಲ.

ತನ್ನ ಕೀರ್ತಿಯನ್ನು ಮುಂದೆ ಮಸುಕುಗೊಳಿಸಬಹುದಾದವನಿಗೆ ತಾನೇ ಕಲೆಯ ಗುಟ್ಟನ್ನು ಒಪ್ಪಿಸುವುದು ಎಂಥವನಿಗೂ ಸುಲಭವಲ್ಲ. ಹಣದ ಕಷ್ಟಕ್ಕಿಂತಲೂ ಈ ಲೋಭದಿಂದಲೇ ಮೇಳಗಳು ಬೇಗ ಮುರಿಯುವುವೇನೊ. ಧಣಿಯಿಲ್ಲದಿರುವುದು ಸ್ವಾತಂತ್ರ್ಯದ ಅರ್ಧಭಾಗ. ತಾನೇ ಧಣಿಯೆಂಬ ಭಾವವನ್ನು ಬಿಡುವುದು ಉಳಿದರ್ಧ. ಬೆಳಗಿನ ಮಂಗಳಪದ ಮುಗಿದು ಕಿರೀಟವನ್ನು ಪೆಟ್ಟಿಗೆಯಲ್ಲಿಡುವವನು, ಅದನ್ನು ಇನ್ನೊಬ್ಬನೂ ತೊಡುವನೆಂದು ಬಲ್ಲವನಾಗಿ, ಜೋಪಾನವಾಗಿಯೇ ಇಡಬೇಕಷ್ಟೆ.