ನೋವು ಹೇಳಿಕೊಳ್ಳುವುದು ಅಸಹನೆಯಲ್ಲ



ಕ್ಯಾನ್ಸರ್ ವಾರ್ಡಿನ ಒಂದು ದೃಶ್ಯವನ್ನು ಕಲ್ಪಿಸಿಕೊಳ್ಳಿರಿ. "ಅಮ್ಮಾ, ನೋವೇ ಇಲ್ಲದಿದ್ದರೆ ಸೊನ್ನೆ, ತಾಳಲಾಗದಿದ್ದರೆ ಹತ್ತು. ಇವತ್ತು ಎಷ್ಟು?" ಎಂದು ದಾದಿ ಕೇಳುತ್ತಾರೆ. ತಾಯಿ ಬಾಯಿ ತೆರೆಯುವ ಮೊದಲೇ ಮಗ ಹೇಳುತ್ತಾನೆ: "ಏನೂ ಇಲ್ಲ ಸಿಸ್ಟರ್, ಆರಾಮಾಗಿದ್ದಾರೆ." ಹಾಳೆಯಲ್ಲಿ ಸೊನ್ನೆ ಬೀಳುತ್ತದೆ. ರಾತ್ರಿ ಆ ತಾಯಿ ಸೆರಗು ಕಚ್ಚಿಕೊಂಡು ನರಳುತ್ತಾಳೆ. ಇದೇ ಸಬ್ರ್ ಎಂದು ಅವಳ ನಂಬಿಕೆ.

ಸಬ್ರ್ ಎಂದರೆ ಇದೇನೇ? ಸಹನೆಗೆ ಮಾದರಿಯಾದ ಹ. ಅಯ್ಯೂಬ್(ಅ)ರು ತಮ್ಮ ಸಂಕಟವನ್ನು ಪ್ರಭುವಿನ ಮುಂದೆ ತೋಡಿಕೊಂಡುದನ್ನು ಪವಿತ್ರ ಕುರ್‌ಆನ್ ತಿಳಿಸುತ್ತದೆ. ಪ್ರವಾದಿವರ್ಯರು(ಸ) ಜ್ವರದಿಂದ ಬಳಲುತ್ತಿದ್ದಾಗ ಹ. ಅಬ್ದುಲ್ಲಾ ಬಿನ್ ಮಸ್‌ಊದ್(ರ)ರು ವಿಚಾರಿಸಿದರು. ಇಬ್ಬರಿಗೆ ಬರುವಷ್ಟು ಜ್ವರ ತಮಗಿದೆಯೆಂದು ಪ್ರವಾದಿವರ್ಯರು(ಸ) ಮರೆಮಾಚದೆ ಹೇಳಿದರೆಂದು ಸಹೀಹ್ ಬುಖಾರಿಯಲ್ಲಿದೆ. ಅಲ್ಲಾಹನ ವಿಧಿಯನ್ನು ದೂರುವುದು ಬೇರೆ, ಆರೈಕೆ ಮಾಡುವವರಿಗೆ ನೋವಿನ ಅಳತೆ ತಿಳಿಸುವುದು ಬೇರೆ.

ಆ ಹಾಳೆಯನ್ನು ಹಗುರವಾಗಿ ಕಾಣಬೇಡಿರಿ. ಕೆನಡಾದ ಎಡ್ಮಂಟನ್ ನಗರದ ವೈದ್ಯರು 1991ರಲ್ಲಿ ಇಂತಹ ಒಂದು ಪಟ್ಟಿಯನ್ನು ಪ್ರಕಟಿಸಿದರು. ನೋವು, ವಾಕರಿಕೆ, ಹಸಿವು, ಮನಸ್ಸಿನ ಕಳವಳ, ಇವಕ್ಕೆಲ್ಲ ಸಾಧ್ಯವಾದರೆ ರೋಗಿಯೇ ಅಂಕ ಕೊಡಬೇಕು. ಗೆಡ್ಡೆ ಸ್ಕ್ಯಾನಿನಲ್ಲಿ ಕಾಣುತ್ತದೆ. ಇವು ಕೇಳಿದರಷ್ಟೇ ತಿಳಿಯುತ್ತವೆ. ನ್ಯೂಯಾರ್ಕಿನ ಒಂದು ಕ್ಯಾನ್ಸರ್ ಆಸ್ಪತ್ರೆ 766 ರೋಗಿಗಳ ಮೇಲೆ ಅಧ್ಯಯನ ನಡೆಸಿತು. ಒಂದು ಗುಂಪಿನವರು ತಮ್ಮ ತೊಂದರೆಗಳನ್ನು ಕ್ರಮವಾಗಿ ಗಣಕಯಂತ್ರದಲ್ಲಿ ದಾಖಲಿಸಿದರು. ತೊಂದರೆ ಹೆಚ್ಚಿದಾಗ ದಾದಿಯರಿಗೆ ಸೂಚನೆ ಹೋಗುತ್ತಿತ್ತು. 2017ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಆ ಗುಂಪಿನ ಅರ್ಧದಷ್ಟು ಮಂದಿ 31 ತಿಂಗಳಿಗಿಂತ ಹೆಚ್ಚು ಬದುಕಿದರು. ಎಂದಿನ ಆರೈಕೆ ಪಡೆದವರಲ್ಲಿ ಈ ಅವಧಿ 26 ತಿಂಗಳು. ಆಯುಷ್ಯ ಅಲ್ಲಾಹನ ಕೈಯಲ್ಲಿದೆ, ನಿಜ. ಆದರೆ ಕಾರಣಗಳನ್ನು ಅರಸುವುದು ನಮ್ಮ ಕರ್ತವ್ಯ.

ಆದುದರಿಂದ ರೋಗಿಯ ಉತ್ತರವನ್ನು ನೀವು ಕೊಡಬೇಡಿರಿ. ಆಕೆಗೆ ಬ್ಯಾರಿಯೋ ಉರ್ದುವೋ ಮಾತ್ರ ಬರುವುದಾದರೆ, ಹೇಳಿದ್ದನ್ನು ಹೇಳಿದಂತೆಯೇ ದಾದಿಗೆ ತಲುಪಿಸಿರಿ. ಆ ಮಾತು ನಿಮ್ಮ ಕೈಯಲ್ಲಿರುವ ಅಮಾನತ್ತು. ನಿಮ್ಮೆದುರು ಬಾಯಿ ಬಿಡಲು ಸಂಕೋಚವಾದರೆ ತುಸು ಹೊತ್ತು ಹೊರಗೆ ನಿಲ್ಲಿರಿ. ಆಸ್ಪತ್ರೆಯವರು ಕೇಳದಿದ್ದರೆ ಮನೆಯಲ್ಲೇ ಬರೆದಿಟ್ಟು ವೈದ್ಯರಿಗೆ ತೋರಿಸಿರಿ.

ರೋಗಿಯನ್ನು ಸಂದರ್ಶಿಸುವುದು ಮುಸ್ಲಿಮನ ಮೇಲಿರುವ ಹಕ್ಕು. ಹಣ್ಣಿನ ಚೀಲವಿಟ್ಟು ಮರಳಿದರೆ ಆ ಹಕ್ಕು ತೀರೀತೇ? ಪಕ್ಕದಲ್ಲಿ ಕುಳಿತು, "ನಿಜವಾಗಿ ಹೇಗಿದ್ದೀರಿ?" ಎಂದು ಕೇಳಿರಿ, ಉತ್ತರ ಬರುವವರೆಗೆ ಕಾಯಿರಿ. ಅಲ್ಲಾಹನು ರೋಗಿಗಳಿಗೆ ಶಿಫಾ ಕರುಣಿಸಲಿ, ನಮಗೆ ಕೇಳಿಸಿಕೊಳ್ಳುವ ತೌಫೀಕ್ ನೀಡಲಿ. ಆಮೀನ್.