ಬೆಲ್ಟ್ ಅನ್ನೋ ಮಾತು

ಒಕಿನಾವಾದ ಶಾಲಾ ಮೇಷ್ಟ್ರು ಗಿಚಿನ್ ಫುನಾಕೋಶಿ ಮೂರೇ ಮೂರು ಟೆಕ್ಕಿ ಕಟಾ ಕಲಿಯಲು 10 ವರ್ಷ ತೆಗೆದುಕೊಂಡರು. ಗುರು ಅಜಾಟೊ ಹೊಗಳಿದ್ದು ಅಪರೂಪ. ಮತ್ತೆ ಮಾಡು ಅಂದದ್ದೇ ಹೆಚ್ಚು. ಮುಂದೆ 1922ರಲ್ಲಿ ಟೋಕಿಯೊದಲ್ಲಿ ಕರಾಟೆ ಪ್ರದರ್ಶಿಸಿದವರು ಇದೇ ಫುನಾಕೋಶಿ.

ನಾವೋ, ಫೀಸು ಕಟ್ಟಿದ ಮೂರೇ ತಿಂಗಳಿಗೆ ಹೊಸ ಬಣ್ಣದ ಬೆಲ್ಟ್ ಕೇಳ್ತೀವಿ. ಕೊಟ್ರೆ ತಪ್ಪೇನು, ಹುರುಪು ಬರುತ್ತಲ್ಲ ಅಂತೀರಾ? ಬರುತ್ತೆ. ಆದರೆ ಬೆಲ್ಟ್ ಅಂದ್ರೆ ಮೇಷ್ಟ್ರು ಕೊಡೋ ಮಾತು. ಅದನ್ನ ನಂಬಿ ಹುಡುಗಿಯೊಬ್ಬಳು ರಾತ್ರಿ ಓಡಿಹೋಗಬೇಕಾದ ಕಡೆ ಎದುರಿಸಿ ನಿಂತುಬಿಟ್ರೆ? ಸುಳ್ಳು ಹೊಗಳಿದವರು ಮೇಷ್ಟ್ರು, ಏಟು ತಿನ್ನೋಳು ಅವಳು.

'ಇನ್ನೂ ಆಗಿಲ್ಲ' ಅನ್ನೋ ಮೇಷ್ಟ್ರು ಸಿಕ್ಕರೆ ಬಿಡಬೇಡಿ. ಕಪ್ಪು ಬೆಲ್ಟಿನ ಮೊದಲ ಹಂತ 'ಶೋದಾನ್'. ಆ ಹೆಸರಿನ ಅರ್ಥವೇ ಆರಂಭದ ಮೆಟ್ಟಿಲು.